ಚಪ್ಪಲಿಯೋ ಬೂಟೋ ಎಂಬ ಇಂಟರ್ನ್‌ಶಿಪ್

ಬೇಸಿಗೆ ರಜೆಯ ಮೊದಲ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಕಿಟಕಿಯ ಬಿಸಿಲಿಗೆ ನನ್ನ ಹೊಲಿಗೆ ಯಂತ್ರದ ಚಕ್ರ ಆಗಲೇ ಕೈ ಸುಡುತ್ತಿತ್ತು. ಹೈಸ್ಕೂಲು ಮುಗಿಸಿದ ಮೊಮ್ಮಗಳು ಹೊಸ ಚೀಲ ಹೆಗಲಿಗೇರಿಸಿ ಹೊರಟಳು. ಎಲ್ಲದಕ್ಕೂ ‘ಯಾಕೆ’ ಎನ್ನುವ ಹುಡುಗಿ. ಮನೆಯಲ್ಲಿ ಅವಳನ್ನು ಕರೆಯುವುದೇ ಯಾಕಮ್ಮ ಎಂದು. ಕಾಲೇಜಿನಲ್ಲಿ ಕಂಪ್ಯೂಟರ್ ಓದಬೇಕೆಂಬುದು ಅವಳ ಆಸೆ. ಅದಕ್ಕೂ ಮುಂಚೆ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್, ಅಂದರೆ ರಜೆಯಲ್ಲಿ ಕೆಲಸದ ಜಾಗಕ್ಕೇ ಹೋಗಿ ಕಲಿಯುವುದು.

ಬಾಗಿಲಲ್ಲಿ ನಾನು ಬುದ್ಧಿ ಹೇಳಿದೆ. "ನೋಡೇ, ಅಲ್ಲಿ ಹೋಗಿ ಯಾಕೆ ಏನು ಅಂತ ತಲೆ ತಿನ್ಬೇಡ. ಬಾಯಿ ಮುಚ್ಕೊಂಡು ಹೇಳಿದ್ದು ಮಾಡು. ನಾನು ಹೊಲಿಗೆ ಕಲಿತದ್ದೂ ಹಾಗೇ."

ಮೂರು ವಾರ ಅವಳು ಹಾಗೇ ಮಾಡಿದಳು. ನಾಲ್ಕನೇ ವಾರದ ಬುಧವಾರ ಸಂಜೆ ಚೀಲ ಮೂಲೆಗೆ ಎಸೆದು, "ಅಜ್ಜಿ, ನಂಗೆ ಕಂಪ್ಯೂಟರ್ ಓದೋದು ಬೇಡ. ಕಾಲೇಜಿನ ಅರ್ಜೀಲಿ ಬೇರೆ ಏನಾದ್ರೂ ಬರೀತೀನಿ" ಎಂದಳು. ಅರ್ಜಿ ಹಾಕಲು ಇನ್ನು ಹದಿನೈದು ದಿನವಿತ್ತು.

ಆ ಹೊತ್ತಿಗೆ ಕೆಳಗಿನ ಮನೆಯ ಡಿಪೋದಾಕೆ ನಾನು ಹೊಲಿಯುತ್ತಿದ್ದ ಸಮವಸ್ತ್ರ ತೊಟ್ಟು ನೋಡಲು ಬಂದಿದ್ದಳು. ಬಸ್ ಡಿಪೋದಲ್ಲಿ ಕಂಪ್ಯೂಟರ್ ಮೇಲೆ ವೇಳಾಪಟ್ಟಿ ನೋಡಿಕೊಳ್ಳುವವಳು. ಒಂದು ತೋಳು ಇನ್ನೂ ಕೂಡಿಸದ ಅಂಗಿ, ಮೈತುಂಬ ಗುಂಡುಸೂಜಿ, ನಿಂತಲ್ಲೇ ಕೇಳಿದಳು:

"ಅಲ್ಲಿ ನಿನ್ ಕೈಲಿ ಏನ್ ಮಾಡಿಸ್ತಾರೆ?"

"ಫೋಟೋ ಬರುತ್ತೆ ಅಕ್ಕ. ಚಪ್ಪಲಿ ಇದ್ರೆ ಒಂದು ಗುಂಡಿ ಒತ್ಬೇಕು, ಬೂಟ್ ಇದ್ರೆ ಇನ್ನೊಂದು."

"ಆಮೇಲೆ?"

"ಆಮೇಲೆ ಇನ್ನೊಂದು ಚಪ್ಪಲಿ. ಒಂಬತ್ತರಿಂದ ಆರು. ಕಿಟಕಿ ಇಲ್ಲದ ರೂಮು, ನಾವು ಹತ್ತು ಜನ ಮಕ್ಕಳು."

"ತಪ್ಪಾದ್ರೆ ಯಾರು ತೋರಿಸ್ತಾರೆ?"

"ಯಾರೂ ನೋಡೋದೇ ಇಲ್ಲ. ಒಂದಿನ ಬೇಕಂತ್ಲೇ ಎಲ್ಲಾ ಬೂಟನ್ನೂ ಚಪ್ಪಲಿ ಅಂತ ಒತ್ತಿದೆ. ಒಬ್ರೂ ಕೇಳ್ಲಿಲ್ಲ."

ಲಿಫ್ಟ್ ರಿಪೇರಿ ಮಾಡುವ ನನ್ನ ಮಗ, ಅವಳ ಅಪ್ಪ, ಕೈ ಒರೆಸಿಕೊಳ್ಳುತ್ತ ಬಂದ. "ಇನ್ನೊಂದು ವಾರ ಹಲ್ಲು ಕಚ್ಚಿ ಇರು ಮಗಳೇ. ಸರ್ಟಿಫಿಕೇಟ್ ಕೊಡ್ತಾರಲ್ಲ."

"ಏನಂತ ಕೊಡ್ತಾರಣ್ಣ? ಈ ಹುಡುಗಿಗೆ ಚಪ್ಪಲಿ ಗುರುತು ಸಿಗುತ್ತೆ ಅಂತಾನಾ?" ಡಿಪೋದಾಕೆ ಸಿಡಿದಳು. "ಇದು ಕಲಿಸೋದಲ್ಲ, ಕಂಪ್ಯೂಟರಿಗೆ ಚಪ್ಪಲಿ ಬೂಟು ಗುರುತು ಹಿಡಿಸೋಕೆ ಮಕ್ಕಳನ್ನ ದುಡಿಸ್ಕೊಳ್ಳೋದು. ಕಾಲೇಜಿಗೆ ಮುಂಚೆ ನಿಜವಾದ ಕೆಲಸ ಹತ್ರದಿಂದ ನೋಡಿದ್ರೆ ಒಳ್ಳೇದೇ, ತನಗೆ ಹಿಡಿಸುತ್ತಾ ಇಲ್ವಾ ಗೊತ್ತಾಗುತ್ತೆ. ಇವಳು ಅದನ್ನ ನೋಡೇ ಇಲ್ಲ. ನೋಡದೇ ಇರೋದನ್ನ ಬೇಡ ಅಂತಿದಾಳೆ!"

"ಅಲುಗಾಡ್ಬೇಡ, ಸೂಜಿ ಚುಚ್ಚುತ್ತೆ" ಎಂದೆ. ಚುಚ್ಚಿದ್ದು ಮಾತ್ರ ನನಗೇ.

ಬಾಯಿ ಮುಚ್ಚಿಕೊಂಡು ಕಲಿತೆ ಎಂದೆನಲ್ಲ, ಅದು ನಿಜ. ನಮ್ಮ ಕಸುಬಿನಲ್ಲಿ ಮೊದಲ ವರ್ಷ ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ. ಆದರೆ ದಿನಾ ಸಂಜೆ ಅಂಗಡಿಯ ಯಜಮಾನಿ ಗುಂಡಿ ತೂರಿಸಲು ನಾನು ಹಾಕಿದ ಒಂದೊಂದು ಕಾಜವನ್ನೂ ಬೆಳಕಿಗೆ ಹಿಡಿದು, ಸೊಟ್ಟಗಿದ್ದರೆ ಬಿಚ್ಚಿಸುತ್ತಿದ್ದಳು. ಹದಿನಾಲ್ಕು ಸಲ ಬಿಚ್ಚಿದ ಕಾಜವೊಂದು ಇಂದಿಗೂ ಕಣ್ಣ ಮುಂದಿದೆ. ಬಿಚ್ಚಿಸುವುದೇ ಅವಳ ಪಾಠ. ನೋಡುವವರೇ ಇಲ್ಲದ ಕಡೆಗೆ ನಾನು ಮಗುವಿನ ಬಾಯಿ ಹೊಲಿದು ಕಳಿಸಿದ್ದೆ.

ನಾನು ಸಿಟ್ಟು ಮಾಡುವವಳಲ್ಲ. ಮರುದಿನ ಬೆಳಿಗ್ಗೆ ಮಗನನ್ನೂ ಮೊಮ್ಮಗಳನ್ನೂ ಎಳೆದುಕೊಂಡು ಕಂಪನಿಗೆ ಹೋದೆ. ಮ್ಯಾನೇಜರು ನಗುತ್ತ ಕುರ್ಚಿ ಕೊಟ್ಟ.

"ಈ ಮಕ್ಕಳಿಗೆ ಕಲಿಸೋರು ಯಾರಪ್ಪ? ಕರಿ, ಮುಖ ನೋಡೋಣ."

"ಇಲ್ಲಿ ಅನುಭವ ಸಿಗುತ್ತೆ ಅಜ್ಜಿ. ನಿಮಗೆ ಇದೆಲ್ಲ ಅರ್ಥ ಆಗಲ್ಲ."

"ಮೂರನೇ ಕ್ಲಾಸಿಗೇ ಬಿಟ್ಟೋಳು, ಆಗಲ್ಲ ಬಿಡು. ಆ ಫೋಟೋ ಎಲ್ಲಾ ಯಾತಕ್ಕೆ ಅಂತ ಇವಳಿಗಾದ್ರೂ ಹೇಳಿದೀಯಾ?"

"ಅದು ಕಂಪನಿ ವಿಷಯ."

"ಇವಳು ಒಂದಿನವೆಲ್ಲ ಬೂಟನ್ನ ಚಪ್ಪಲಿ ಅಂತ ಒತ್ತಿದ್ದು ಗೊತ್ತಾ?"

ಅವನ ನಗು ಇಳಿಯಿತು. "ಯಾವತ್ತು? ಎಷ್ಟು ಫೋಟೋ?" ಎಂದು ಗಾಬರಿಯಲ್ಲಿ ಎದ್ದು ನಿಂತ. ಇಷ್ಟು ದಿನದಲ್ಲಿ ಅವಳ ಕೆಲಸದ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

ನನ್ನ ಮಗ ಅವಳ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡ. "ಸರ್ಟಿಫಿಕೇಟ್ ನೀವೇ ಇಟ್ಕೊಳ್ಳಿ ಸ್ವಾಮಿ. ನಡಿ ಮಗಳೇ."

ಮುಂದಿನ ವಾರದಿಂದ, ಡಿಪೋದ ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಡಿಪೋದಾಕೆ ಅವಳನ್ನು ದಿನಕ್ಕೆ ಅರ್ಧ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡಳು. ಮೊದಲ ದಿನವೇ ನಮ್ಮ ಯಾಕಮ್ಮ ಎರಡು ಬಸ್ಸನ್ನು ಒಂದೇ ನಿಮಿಷಕ್ಕೆ ಒಂದೇ ಜಾಗದಲ್ಲಿ ತಂದು ನಿಲ್ಲಿಸಿದಳಂತೆ, ಪುಣ್ಯಕ್ಕೆ ಪರದೆಯ ಮೇಲೆ ಮಾತ್ರ. "ಎಲ್ಲಿ ತಪ್ಪಿದೆ, ನೀನೇ ಹುಡುಕು" ಎಂದು ಡಿಪೋದಾಕೆ ಕೈಕಟ್ಟಿ ಕೂತಳಂತೆ. ಅಂದು ತಟ್ಟೆಯಲ್ಲಿ ಊಟ ಆರಿದರೂ ಹುಡುಗಿಯ ಮಾತು ನಿಲ್ಲಲಿಲ್ಲ. ಅರ್ಜಿಯಲ್ಲಿ ಕಂಪ್ಯೂಟರ್ ಎಂದೇ ಬರೆದಳು.

ತಾಯಂದಿರೇ, ತಂದೆಯರೇ, ರಜೆಯಲ್ಲಿ ಮಕ್ಕಳನ್ನು ಕಲಿಯಲು ಖಂಡಿತ ಕಳಿಸಿ. ಆದರೆ ಮೊದಲು ನೀವೇ ಹೋಗಿ ಆ ಕೋಣೆ ನೋಡಿ. ಕಲಿಸುವವರು ಯಾರು, ಎಷ್ಟು ಹೊತ್ತಿನ ಕೆಲಸ, ತಪ್ಪಾದರೆ ತಿದ್ದುವವರು ಯಾರು ಎಂದು ಕೇಳಿ. ಹೀಗೆ ಕೇಳಲು ನಾಚಿಕೆ ಬೇಡ. ನಾಚಬೇಕಾದವರು ಉತ್ತರವಿಲ್ಲದೆ ಕೂತವರು. ಅಂಥ ಕಡೆ ಕಳಿಸುವುದಕ್ಕಿಂತ ಮಗು ಮನೆಯಲ್ಲೇ ಆಡಿಕೊಂಡಿರಲಿ, ರಜೆ ಇರುವುದು ಅದಕ್ಕೂ. ಒಂದು ಹಾಳೆ ಕಾಗದಕ್ಕಾಗಿ ಮಗುವಿನ ಆಸೆಯ ಕತ್ತು ಹಿಸುಕಬೇಡಿ.

ನಮ್ಮ ಹುಡುಗಿ ಆ ಕಂಪನಿ ಬಿಟ್ಟದ್ದು ಗುರುವಾರ. ಉಳಿದ ಒಂಬತ್ತು ಮಕ್ಕಳ ಮನೆಗೂ ನಾನೇ ನಡೆದು ಹೋಗಿ ಹೇಳಿ ಬಂದೆ. ಶನಿವಾರ ಸಂಜೆಯೊಳಗೆ ಆ ಒಂಬತ್ತೂ ಮಕ್ಕಳು ಹೊರಬಂದವು.