ಕಿಟಕಿಯ ಪೊರೆ ಸುಲಿಯುವ ಮುಹೂರ್ತ

ಬೋಟು ಇಟ್ಟುಕೊಂಡವರಷ್ಟು ಹೇಳಿದ ಮಾತು ಕೇಳದ ಜನ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎನ್ನುವುದು ನಿಜಾಮುದ್ದೀನ್ ಸಾಹೇಬರ ಹನ್ನೆರಡು ವರ್ಷದ ಅನುಭವ. ಗೋಲ್ಡನ್ ಗೇಟ್ ಸೇತುವೆಯ ಸೀಮೆಯಲ್ಲಿರುವ ಹೇವರ್ಡ್ ಊರಿನ ಗೋದಾಮುಗಳ ಸಾಲಿನಲ್ಲಿ ಅವರದೊಂದು ಅಂಗಡಿ. ಒಂದು ಹೊಲಿಗೆ ಯಂತ್ರದ ಮುಂದೆ ಅವರು, ಇನ್ನೊಂದರ ಮುಂದೆ ಹೆಂಡತಿ ಬದರುನ್ನಿಸಾ. ಬೋಟು ನಡೆಸುವವರಿಗೆ ಗಾಳಿ, ನೀರು ಬಡಿಯದಂತೆ ಸುತ್ತ ಕ್ಯಾನ್ವಾಸಿನ ಗೋಡೆ ಹೊಲಿದು, ಅದಕ್ಕೆ ಕಿಟಕಿ ಕೂರಿಸುವುದು ಅವರ ಕಸುಬು. ಕಿಟಕಿ ಎಂದರೆ ಗಾಜಲ್ಲ, ಮೆತ್ತನೆಯ, ಆಚೆಗೆ ಕಾಣುವ ವಿನೈಲು. ಆಟೋದ ಹಿಂಬದಿಗೆ ಹೊಲಿದಿರುತ್ತಾರಲ್ಲ, ಅದರ ದೊಡ್ಡಣ್ಣ. ಸಾಹೇಬರು ಶಿವಾಜಿನಗರದಲ್ಲಿ ಆಟೋ, ಜೀಪುಗಳ ಟಾಪು ಹೊಲಿಯುತ್ತಿದ್ದವರು, ಹಾಗಾಗಿ ಕೆಲಸ ಅವರಿಗೆ ಹೊಸದಲ್ಲ. ಹೊಸದೆಂದರೆ ಈ ಜನ.

ಆ ವಿನೈಲನ್ನು ನೋಡಿಕೊಳ್ಳುವುದು ಮಹಾವಿದ್ಯೆಯೇನಲ್ಲ. ಮೊದಲು ಸಿಹಿನೀರು ಸುರಿದು ಉಪ್ಪು ತೊಳೆಯಬೇಕು. ಆಮೇಲೆ ಒದ್ದೆ ಹತ್ತಿಬಟ್ಟೆ, ಒಂದಿಷ್ಟು ಸೌಮ್ಯವಾದ ಸೋಪು, ಅಷ್ಟೇ. ಒಣಬಟ್ಟೆ ತಾಗಿಸಬಾರದು, ಗೀಚು ಬೀಳುತ್ತದೆ. ಗಾಜಿಗೆ ಹೊಡೆಯುವ ನೀಲಿ ಸ್ಪ್ರೇ ಹೊಡೆಯಬಾರದು, ಮಬ್ಬಾಗುತ್ತದೆ. ಚಳಿಯಲ್ಲಿ ಸುರುಳಿ ಸುತ್ತಿಡಬಾರದು, ಬಿರಿಯುತ್ತದೆ. ಮಗಳು ಮಹ್ವಿಶ್ ಇದನ್ನೆಲ್ಲ ಇಂಗ್ಲಿಷಿನಲ್ಲಿ ಟೈಪು ಮಾಡಿಕೊಟ್ಟಿದ್ದಳು, ಒಂದೊಂದು ಬೋಟಿಗೂ ಒಂದೊಂದು ಹಾಳೆ. ಅದನ್ನು ಓದಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಅಲಮೇಡಾದ ಒಬ್ಬ ಟೂತ್‌ಪೇಸ್ಟು ಹಾಕಿ ಉಜ್ಜಿದ. ಸಾಸಲಿಟೋದ ವಕೀಲನೊಬ್ಬ ಅದೇ ಹಾಳೆಯಿಂದಲೇ ಕಿಟಕಿ ಒರೆಸಿದ. ಆಮೇಲೆ ಎಲ್ಲರೂ ಫೋನು ಮಾಡಿ, ನಿಮ್ಮ ಕಿಟಕಿ ಚೆನ್ನಾಗಿಲ್ಲ ಎನ್ನುತ್ತಾರೆ. ಸಾಹೇಬರು ಅಂಥವರಿಗೆಲ್ಲ ಫೋನಿನಲ್ಲೇ ಪಾಠ ಮಾಡುತ್ತಿದ್ದರು. ಕಿಟಕಿಯ ವಿಷಯ ಬಂದರೆ ಅವರು ಯಾರ ಮುಲಾಜಿಗೂ ಬಗ್ಗುವವರಲ್ಲ.

ಇವರೆಲ್ಲರನ್ನೂ ಮೀರಿಸಿದವನು ನಮ್ಮವನೇ. ಲಾಸ್ ಆಲ್ಟೋಸಿನ ಗುರುಪ್ರಸಾದ. ಅವನ ಕಂಪನಿಯ ಶೇರು ಮುಗಿಲು ಮುಟ್ಟಿದ್ದಾಗ ಅದರಲ್ಲಿ ಸ್ವಲ್ಪ ಮಾರಿ ಇಪ್ಪತ್ತೆಂಟು ಅಡಿಯ ಬೋಟು ತಂದು ಬರ್ಕ್ಲಿಯ ಮರೀನಾ ಎಂಬ ಬೋಟು ನಿಲ್ದಾಣದಲ್ಲಿ ಕಟ್ಟಿದ್ದ. ಬೋಟು ನಡೆಸುವ ಕ್ಲಾಸಿಗೆ ಹೋಗಿ ಲಕ್ಷಣವಾಗಿ ಕಲಿತು ಬಂದವಳು ಅವನ ಹೆಂಡತಿ ಊರ್ಮಿಳಾ, ಮಕ್ಕಳ ಡಾಕ್ಟರು. ಗುರುಪ್ರಸಾದ ಮ್ಯಾನುಯಲ್ಲು ಓದಿಕೊಂಡಿದ್ದ.

ಎರಡು ಸಾವಿರನೆಯ ಇಸವಿಯ ಮೇ ತಿಂಗಳು. ಸಾಹೇಬರು ಕ್ಯಾನ್ವಾಸು ಕೂರಿಸಿ, ಜಿಪ್ಪು ಎಳೆದು, ಮುಂದಿನ ಕಿಟಕಿಯ ಮೂಲೆಗೆ ಉಗುರು ಹಾಕಿದರು. ಹೊಸ ವಿನೈಲಿನ ಎರಡೂ ಮಗ್ಗುಲಿಗೆ ತೆಳ್ಳನೆಯ ಬಿಳಿ ಪೊರೆಯೊಂದು ಅಂಟಿರುತ್ತದೆ. ಅದನ್ನು ಸುಲಿದರೆ ಕಿಟಕಿ ತಯಾರು.

"ಸಾಹೇಬ್ರೇ, ಒಂದ್ ನಿಮಿಷ. ಅದನ್ನ ತೆಗೀಬೇಡಿ," ಎಂದ ಗುರುಪ್ರಸಾದ.

"ಇದು ಬರೀ ಕವರು ಸಾರ್. ಹೊಲಿಯೋವಾಗ ಗೀಚು ಬೀಳ್ದೇ ಇರ್ಲಿ ಅಂತ ಹಾಕಿರ್ತಾರೆ. ಫಿಟ್ ಮಾಡಿದ್ ಮೇಲೆ ಇರಬಾರ್ದು."

"ಪೂಜೆ ಆಗ್ಲಿ. ಇನ್ನೆರಡು ವಾರ ಅಷ್ಟೇ. ಅವತ್ತು ಹೊಸದ್ ಹೊಸದಾಗಿ ತೆಗ್ಯೋಣ. ನೀವೇ ತೆಗೀರಿ, ನಿಮ್ ಕೈಯಿಂದ್ಲೇ. ತೆಗೆದು ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ಫಸ್ಟ್ ರೌಂಡು ನಿಮ್ದು. ಗೋಲ್ಡನ್ ಗೇಟ್ ಸೇತುವೆ ಕಡೆ ಒಂದು ಸುತ್ತು."

"ಅವ್ರು ತೆಗೀಲಿ ಬಿಡ್ರಿ," ಎಂದಳು ಊರ್ಮಿಳಾ ಗಂಡನಿಗೆ. "ನಮ್ಮನೆ ಟೀವಿ ರಿಮೋಟಿಂದು ಇನ್ನೂ ತೆಗ್ದಿಲ್ಲ. ಡೈನಿಂಗ್ ಚೇರಿಂದು ತೆಗ್ದಿಲ್ಲ. ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ಮೇಲೆ ಕೂತು ಊಟ ಮಾಡ್ತಿದೀನಿ ನಾನು."

ಬೇರೆ ಯಾರಾದರೂ ಆಗಿದ್ದರೆ ಸಾಹೇಬರು ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆದರೆ ಮುಂದಿನ ಸೀಟಿನ ಮಾತು ಬಂದದ್ದೇ ಅವರು ಉಗುರು ಹಿಂತೆಗೆದರು. ಹನ್ನೆರಡು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಬೋಟುಗಳಿಗೆ ಕಿಟಕಿ ಹೊಲಿದ ಮನುಷ್ಯ ಒಂದು ದಿನವೂ ನೀರಿಗೆ ಹೋಗಿರಲಿಲ್ಲ. ಕಟ್ಟಿಹಾಕಿದ ಬೋಟಿಗೆ ಹತ್ತುವುದು, ಕೂರಿಸುವುದು, ಇಳಿಯುವುದು. ಬನ್ನಿ ಎಂದವರಿಲ್ಲ, ಬರಲೇ ಎಂದು ಇವರು ಕೇಳಿದವರಲ್ಲ. ಸ್ಯಾನ್ ಮಟೇಯೊ ಸೇತುವೆಯ ಮೇಲೆ ವ್ಯಾನು ಓಡಿಸುವಾಗ ಕೆಳಗೆ ಸಾಗುವ ಬೋಟುಗಳಲ್ಲಿ ತಮ್ಮ ಹೊಲಿಗೆಯದು ಯಾವುದೆಂದು ಅವರಿಗೆ ಅಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು. ತಾವು ಹೊಲಿದ ಕಿಟಕಿಯ ಒಳಗೆ ಕೂತು, ಅದರೊಳಗಿಂದ ನೀರು ಹೇಗೆ ಕಾಣುತ್ತದೆ ಎಂದು ಒಂದೇ ಒಂದು ಸಲ ನೋಡಬೇಕು. ಆ ಆಸೆ ಅವರಿಗೆ ಬಲವಾಗಿತ್ತು, ಯಾರ ಮುಂದೂ ಹೇಳಿರಲಿಲ್ಲ.

"ಎರಡು ವಾರ ಅಂದ್ರೆ ಎರಡೇ ವಾರ ಸಾರ್. ಬಿಸಿಲಿಗೆ ಅದು ಕಚ್ಕೊಂಡ್ಬಿಡತ್ತೆ," ಎಂದು ಎಚ್ಚರಿಸಿ ಕೆಳಗಿಳಿದರು.

ಆ ಎರಡು ವಾರ ಬೆಳೆದ ಬಗೆಯನ್ನು ಏನೆಂದು ಹೇಳುವುದು. ಮೇ ಕೊನೆಗೆ ಗುರುಪ್ರಸಾದನ ಆಫೀಸಿನಲ್ಲಿ ಹೊಸ ಪ್ರಾಡಕ್ಟಿನ ಲಾಂಚು, ಬಿಡುವಿಲ್ಲ. ಜೂನಿನಲ್ಲಿ ಶೇರು ಬಿದ್ದು ಮನಸ್ಸು ಸರಿಯಿಲ್ಲ. ಜುಲೈ ಪೂರ್ತಿ ಆಷಾಢ. ಆಗಸ್ಟಿನಲ್ಲಿ ಮೈಸೂರಿನ ಯಾರೋ ದಾಯಾದಿ ತೀರಿಕೊಂಡು ಸೂತಕ. ಸೆಪ್ಟೆಂಬರಿನಲ್ಲಿ ಪಿತೃಪಕ್ಷ. ಸಾಹೇಬರು ತಿಂಗಳಿಗೆರಡು ಸಲ ಫೋನು ಮಾಡಿದರು. "ಸಾರ್, ನಾನ್ ಬಂದು ಪೊರೆ ತೆಗೆದು ಹೋಗ್ತೀನಿ, ಪೂಜೆ ನೀವು ಯಾವಾಗಾದ್ರೂ ಮಾಡ್ಕೊಳ್ಳಿ." ಆ ಕಡೆಯಿಂದ ಅದೇ ಉತ್ತರ. "ಅಯ್ಯೋ ಬೇಡ ಸಾಹೇಬ್ರೇ, ಕವರ್ ಇದ್ರೆ ತಾನೇ ಸೇಫು." ಫೋನಿಟ್ಟ ಮೇಲೆ ಸಾಹೇಬರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದರು. ರೇಗಿದ್ದು ಕಿಟಕಿ ಹಾಳಾಗುತ್ತಿದೆ ಎಂದೋ, ತಮ್ಮ ಸುತ್ತು ಮುಂದೆ ಹೋಗುತ್ತಿದೆ ಎಂದೋ, ಅವರೂ ಬಿಡಿಸಿ ನೋಡಿಕೊಳ್ಳಲಿಲ್ಲ.

ಕೊನೆಗೆ ಪೂಜೆಗೆ ಅಕ್ಟೋಬರ್ ಏಳು, ಶನಿವಾರ, ವಿಜಯದಶಮಿ ಎಂದು ನಿಗದಿಯಾಯಿತು. ಆಯುಧಪೂಜೆ ಹಿಂದಿನ ದಿನವೇ ಮುಗಿದಿದ್ದರೂ ಬೋಟಿಗೆ ಇದೂ ನಡೆಯುತ್ತದೆ ಎಂದವರು ಶೇಷಗಿರಿ. ವಾರದ ದಿನಗಳಲ್ಲಿ ಡೇಟಾಬೇಸು ನೋಡಿಕೊಳ್ಳುತ್ತಿದ್ದ ಅವರು ಶನಿವಾರ, ಭಾನುವಾರ ಪುರೋಹಿತರು. ಒಂಬತ್ತಕ್ಕೆ ರಾಹುಕಾಲ, ಅಷ್ಟರೊಳಗೆ ಬೋಟು ಕದಲಬೇಕು ಎಂದೂ ಹೇಳಿದ್ದರು.

ಸಾಹೇಬರು ಏಳಕ್ಕೇ ಬಂದರು, ಇಸ್ತ್ರಿ ಮಾಡಿದ ಶರಟು, ಅದರ ಮೇಲೆ ದಪ್ಪ ಕೋಟು. ಜೊತೆಗೆ ಬಿಸಿನೀರಿನ ಫ್ಲಾಸ್ಕು ಹಿಡಿದ ಬದರುನ್ನಿಸಾ. ಕಿಟಕಿಯ ಮೂಲೆ ಮುಟ್ಟಿ ನೋಡಿದರು. ಐದು ತಿಂಗಳ ಬಿಸಿಲಿಗೆ ಪೊರೆ ಹಳದಿಯಾಗಿ, ಗರಿಗರಿಯಾಗಿ, ವಿನೈಲಿಗೆ ಕಚ್ಚಿಕೊಂಡಿತ್ತು. ಈಗಲೇ ಶುರು ಮಾಡುತ್ತೇನೆ ಎಂದರೆ ಗುರುಪ್ರಸಾದ ಒಪ್ಪಲಿಲ್ಲ, ಪೂಜೆ ಆದಮೇಲೇ.

ಎಂಟು ಜನ ನೆಂಟರಿಷ್ಟರು ಬೋಟಿನ ತುಂಬ ನಿಂತರು. ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡಬೇಕೆಂದು ಹತ್ತು ನಿಮಿಷ ಚರ್ಚೆಯಾಗಿ, ಕೊನೆಗೆ ಬೋಟಿಗೂ ಅದನ್ನು ಕಟ್ಟಿದ್ದ ಡಾಕಿನ ಹಲಗೆಗೂ ನಡುವೆ ದಾರದಲ್ಲಿ ಇಳಿಬಿಟ್ಟರು. ಕರ್ಪೂರದ ತಟ್ಟೆ ವಿನೈಲಿನ ಹತ್ತಿರ ಬಂದಾಗಲೆಲ್ಲ ಸಾಹೇಬರು ಅಂಗೈ ಅಡ್ಡ ಹಿಡಿದರು. ಗುರುಪ್ರಸಾದ ಮೂರೂ ಕಿಟಕಿಗೆ ಅರಿಶಿನ ಕುಂಕುಮ ಹಚ್ಚಿದ. ಅಷ್ಟು ತಿಂಗಳು ಉಳಿಸಿಕೊಂಡ ಪೊರೆಯಿಂದ ಆದ ಉಪಯೋಗ ಅದೊಂದೇ, ಕಲೆ ವಿನೈಲಿಗೆ ಇಳಿಯಲಿಲ್ಲ.

"ಈಗ ತೆಗೀರಿ ಸಾಹೇಬ್ರೇ," ಎಂದ. ನಾಲ್ಕು ಕ್ಯಾಮೆರಾ ಮೇಲೆದ್ದವು.

ಸಾಹೇಬರು ಉಗುರು ಹಾಕಿ ಎಳೆದರು. ಬೆರಳಗಲ ತುಂಡು ಕೈಗೆ ಬಂತು. ಇನ್ನೊಮ್ಮೆ ಎಳೆದರು, ಇನ್ನೊಂದು ತುಂಡು. ಹದಿನೈದು ನಿಮಿಷ ಕಳೆದರೂ ತೆರೆದದ್ದು ಒಂದು ಚಪಾತಿಯಷ್ಟು ಜಾಗ. ಕ್ಯಾಮೆರಾಗಳು ಇಳಿದವು. ಯಾರೋ ಕ್ವಾಲಿಟಿ ಅಷ್ಟಕ್ಕಷ್ಟೆ ಎಂದರು. ಸಾಹೇಬರ ಕಿವಿ ಬಿಸಿಯಾಯಿತು.

"ಎಂಟೂ ಐವತ್ತು," ಎಂದರು ಶೇಷಗಿರಿ.

ಗುರುಪ್ರಸಾದ ತಾನೇ ಮೂರು ಕಿಟಕಿಯ ಜಿಪ್ಪನ್ನೂ ಎಳೆದು, ಬಿಡಿಸಿ, ಡಾಕಿನ ಮೇಲೆ ನಿಂತಿದ್ದ ಸಾಹೇಬರ ಕೈಗೆ ಒಂದೊಂದಾಗಿ ಕೊಟ್ಟ. ತೆಗೆದುಕೊಳ್ಳಲೆಂದು ಅವರು ಕೆಳಗಿಳಿದಿದ್ದರು. "ನೀವು ಇಲ್ಲೇ ಕೂತು ನಿಧಾನಕ್ಕೆ ಕ್ಲೀನ್ ಮಾಡಿ ಸಾಹೇಬ್ರೇ. ಹೇಗೂ ಜಾಗ ಇಲ್ಲ, ಜನ ಜಾಸ್ತಿ ಆಯ್ತು. ನೆಕ್ಸ್ಟ್ ಟೈಮ್ ಹೋಗೋಣ." ಊರ್ಮಿಳಾ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಹಗ್ಗ ಬಿಚ್ಚಿಯಾಗಿತ್ತು. ನಿಂಬೆಹಣ್ಣು ಪಚಕ್ಕೆಂದಿತು. ಬೋಟು ಹೊರಟಿತು.

ಸಾಹೇಬರು ಮೂರು ಕಿಟಕಿ ತಬ್ಬಿಕೊಂಡು ಡಾಕಿನ ಮೇಲೆ ನಿಂತರು. ಐವತ್ತೆಂಟು ವರ್ಷದ ಗಂಡಸು, ಇಷ್ಟಕ್ಕೆ ಕಣ್ಣಲ್ಲಿ ನೀರು ಬರುವುದೆಂದರೇನು ಎಂದು ತಮ್ಮ ಮೇಲೇ ಸಿಟ್ಟು ಬಂತು. ಕೂತು, ಬದರುನ್ನಿಸಾಳ ಫ್ಲಾಸ್ಕಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಸೋಪು ಕದಡಿ, ನಡುವಿನ ಕಿಟಕಿಯ ಮೇಲೆ ಸುರಿದರು. ಪೊರೆ ಸ್ವಲ್ಪ ಮೆತ್ತಗಾಯಿತು. ಹೆಬ್ಬೆರಳಿನಿಂದ ಒತ್ತಿ ಒತ್ತಿ, ಸಣ್ಣ ಸಣ್ಣ ಸುರುಳಿ ಮಾಡಿ ಎಬ್ಬಿಸತೊಡಗಿದರು. ಆಚೆ ಮಗ್ಗುಲಿಗೆ ಬದರುನ್ನಿಸಾ ಕೈಹಾಕಿದಳು. ಅವರಿಬ್ಬರ ನಡುವಿನ ಮಾತು ದಖನಿ ಉರ್ದುವಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು.

"ನಿಮ್ಮನ್ನು ಬಿಟ್ಟು ಹೋದರಲ್ಲ."

"ಜಾಗ ಇರಲಿಲ್ಲ."

"ಕಿಟಕಿಗೆ ಒಂದು ಗೀಚು ಬಿದ್ದರೆ ಊರೆಲ್ಲರ ಮೇಲೆ ರೇಗುತ್ತೀರಿ. ನಿಮಗೋಸ್ಕರ ಒಂದು ದಿನ ಬಾಯಿ ತೆರೆದಿದ್ದೀರಾ? ಬರುತ್ತೇನೆ ಅಂತ ಒಂದು ಮಾತು ಹೇಳಿದ್ದೀರಾ? ಬಾಯಿ ಬಿಟ್ಟು ಹೇಳದೆ ಇದ್ದರೆ ಯಾರಿಗೆ ಹೇಗೆ ಗೊತ್ತಾಗಬೇಕು? ನನಗೇ ಈ ಕೋಟು ನೋಡಿ ಇವತ್ತು ಗೊತ್ತಾಯಿತು."

ಸಾಹೇಬರಿಗೆ ಅವಳ ಮೇಲೂ ರೇಗಿತು, ಅವಳು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ರೇಗಿತು. ಆ ಸಿಟ್ಟನ್ನೆಲ್ಲ ಹೆಬ್ಬೆರಳಿಗೆ ಹಾಕಿ ಉಜ್ಜಿದರು. ಮುಕ್ಕಾಲು ಗಂಟೆಯಲ್ಲಿ ನಡುವಿನ ಕಿಟಕಿ ತೆರೆದುಕೊಂಡಿತು. ಕೆಳಮೂಲೆಯಲ್ಲಿ ಮಾತ್ರ ಒಂದಿಷ್ಟು ಅಂಟು ಉಳಿಯಿತು.

ಅಷ್ಟರಲ್ಲಿ ಬೋಟು ವಾಪಸು ಬಂತು. ಹೊರಗೆ ಮಂಜು, ಚಳಿಗಾಳಿ, ಮುಂದೆ ಕಿಟಕಿಯಿಲ್ಲ. ರೇಷ್ಮೆ ಸೀರೆಯವರೆಲ್ಲ ಒದ್ದೆ. ಗುರುಪ್ರಸಾದನ ಹಲ್ಲು ಕಟಕಟ ಎನ್ನುತ್ತಿತ್ತು. ಕೇಸರಿಬಾತು ಕಾಯುತ್ತಿದ್ದ ಲಾಸ್ ಆಲ್ಟೋಸಿನ ಮನೆಗೆ ಹೋಗಲು ನೆಂಟರು ಅವಸರವಾಗಿ ಕಾರಿನ ಕಡೆ ಹೊರಟರು.

ಸಾಹೇಬರು ಕಿಟಕಿ ಎತ್ತಿಕೊಂಡು ಬೋಟು ಹತ್ತಿದರು. ನಡುವೆ ಕೂರಿಸಿ ಜಿಪ್ಪು ಎಳೆದರು. ಎಳೆದು, ಮುಂದಿನ ಸೀಟಿನಲ್ಲಿ ಕೂತರು.

"ಥ್ಯಾಂಕ್ಸ್ ಸಾಹೇಬ್ರೇ, ಉಳಿದದ್ದು ಮುಂದಿನ ವಾರ ನೋಡೋಣ," ಎಂದ ಗುರುಪ್ರಸಾದ.

"ಮೇ ತಿಂಗಳಲ್ಲಿ ನೀವು ಹೇಳಿದ್ರಿ ಸಾರ್, ಫಸ್ಟ್ ರೌಂಡು ನಿಮ್ದು ಅಂತ." ಸಾಹೇಬರು ಅಲ್ಲಿಗೇ ಮಾತು ನಿಲ್ಲಿಸಲಿಲ್ಲ. "ಐದ್ ತಿಂಗಳಿಂದ ಕಾಯ್ತಿದೀನಿ. ಹನ್ನೆರಡು ವರ್ಷದಿಂದ ಈ ಕಿಟಕಿ ಹೊಲೀತಾ ಇದೀನಿ, ಒಂದ್ ಸಲಾನೂ ನೀರಿನ್ ಮೇಲೆ ಹೋಗಿಲ್ಲ. ನನಗೆ ಹೋಗ್ಬೇಕು. ನಾನ್ ಇಳಿಯಲ್ಲ."

ಗುರುಪ್ರಸಾದ ತಬ್ಬಿಬ್ಬಾದ. ಅವನು ಕೆಟ್ಟವನಲ್ಲ, ಮರೆತಿದ್ದ, ಅಷ್ಟೇ. "ಛೆ, ಹೇಳ್ಬಾರ್ದಾ ಸಾಹೇಬ್ರೇ. ಆದ್ರೆ ಈಗ ರಾಹುಕಾಲ," ಎಂದು ಶೇಷಗಿರಿಗಳ ಕಡೆ ನೋಡಿದ. ಶೇಷಗಿರಿ ಪಂಚೆಯ ಅಂಚು ಹಿಂಡುತ್ತಾ, ಒಂಬತ್ತಕ್ಕೆ ಮುಂಚೆಯೇ ಹೊರಟಾಗಿದೆ, ಇದು ಅದರ ಮುಂದುವರಿಕೆ, ದೋಷವಿಲ್ಲ, ಆದರೆ ನನ್ನನ್ನು ಕರೆಯಬೇಡಿ ಎಂದರು.

"ಜರುಗ್ರೀ," ಎಂದು ಗಂಡನನ್ನು ಪಕ್ಕಕ್ಕೆ ತಳ್ಳಿ ಊರ್ಮಿಳಾ ಸ್ಟಿಯರಿಂಗ್ ಹಿಡಿದಳು. ಬದರುನ್ನಿಸಾ ಯಾರ ಅಪ್ಪಣೆಗೂ ಕಾಯದೆ ಹತ್ತಿ ಗಂಡನ ಪಕ್ಕದಲ್ಲಿ ಕೂತಳು.

ಮರೀನಾಕ್ಕೆ ಅಲೆ ಬಡಿಯದಂತೆ ಕಟ್ಟಿದ ತಡೆಗೋಡೆ ದಾಟಿದ ಮೇಲೆ ಬೋಟು ಏಳುತ್ತಾ ಬೀಳುತ್ತಾ ಸಾಗಿತು. ಎರಡು ಮಗ್ಗುಲಿನಿಂದ ಗಾಳಿ ನುಗ್ಗುತ್ತಿತ್ತು. ಸಾಹೇಬರು ಸೀಟಿನ ಅಂಚು ಹಿಡಿದು ಮುಂದಕ್ಕೆ ಬಾಗಿ, ಒಂದೇ ಸಮನೆ ನೋಡುತ್ತಿದ್ದರು. ಬೂದು ಬಣ್ಣದ ನೀರು, ಅದರ ಮೇಲೆ ಬೂದು ಬಣ್ಣದ ಮಂಜು. ಒಂದು ಕಡಲಹಕ್ಕಿ ಅಡ್ಡ ಹಾದುಹೋಯಿತು, ಅದರ ಮಡಚಿದ ಕಾಲು ಕೂಡ ಕಂಡಿತು.

"ಏನೂ ಕಾಣ್ತಾ ಇಲ್ವಲ್ಲ ಸಾಹೇಬ್ರೇ," ಎಂದ ಗುರುಪ್ರಸಾದ ಪಾಪಪ್ರಜ್ಞೆಯಿಂದ. "ಸೇತುವೆ ಇರೋ ಜಾಗವೇ ಗೊತ್ತಾಗ್ತಿಲ್ಲ. ಪಾಪ, ನಿಮ್ದು ವೇಸ್ಟ್ ಆಯ್ತು. ವಾಪಸ್ ಹೋಗೋಣ್ವಾ?"

"ಅದು ಮಂಜು ಸಾರ್," ಎಂದರು ಸಾಹೇಬರು, ತಿರುಗಿ ನೋಡದೆ. "ಕಿಟಕಿ ಚೆನ್ನಾಗಿದೆ." ಆಮೇಲೆ ಊರ್ಮಿಳಾಳಿಗೆ, "ಇನ್ನೂ ಸ್ವಲ್ಪ ಮುಂದೆ ಮೇಡಂ," ಎಂದರು.

ಊರ್ಮಿಳಾ ಬೋಟನ್ನು ತಿರುಗಿಸಲಿಲ್ಲ.