ಬಾಟಲಿಯೊಳಗಿನ ಹಲಸು

ನನ್ನ ಸನ್ಮಾನಕ್ಕೆ ಒಂದು ದಿನ ಉಳಿದಿತ್ತು. ಆಹ್ವಾನ ಪತ್ರಿಕೆ ಹಿಡಿದು ಜೋಗುಪಾಳ್ಯದ ಪಿಳ್ಳಪ್ಪನವರ ಮನೆಗೆ ಹೋದೆ. ನಮ್ಮ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವರು. ಹಲಸಿನ ಚಿಗುರಿನ ಚೂರನ್ನು ಬಾಟಲಿಯಲ್ಲಿಟ್ಟು ಸಸಿ ಮಾಡಿದ ಮೊದಲ ವಿಜ್ಞಾನಿ ಎಂದು ಪತ್ರಿಕೆಯಲ್ಲಿ ನನ್ನ ಹೆಸರಿತ್ತು. ಆ ಬಾಟಲಿಗಳನ್ನೆಲ್ಲ ತೊಳೆದವರು ಪಿಳ್ಳಪ್ಪ.

ಆದರೆ ಆ ಸಸಿ ಬೇರೆ ಎಲ್ಲೂ ಬೆಳೆಯಲಿಲ್ಲ. ನಾನು ಪ್ರಬಂಧದಲ್ಲಿ ಬರೆದಂತೆಯೇ ಲವಣ, ಸಕ್ಕರೆ, ಎಳನೀರು ಬೆರೆಸಿ ಎಷ್ಟೋ ಜನ ಮಾಡಿ ನೋಡಿದರು. ಚೂರುಗಳೆಲ್ಲ ಕಪ್ಪಾಗಿ ಸತ್ತವು. ಪಿಳ್ಳಪ್ಪನವರಿಗೆ ವರ್ಗವಾದ ಮೇಲೆ ನನ್ನ ಕೈಯಲ್ಲೂ ಬರಲಿಲ್ಲ. "ಕೋಕಿಲಾ ಮೇಡಮ್ ಹಲಸು ಬೆಳೆಯೋದು ಪೇಪರ್ ಮೇಲೆ ಮಾತ್ರ" ಎಂದು ಒಬ್ಬರು ಸಭೆಯಲ್ಲೇ ನಕ್ಕಿದ್ದರು. ನಾನು ಬಾಳೆಗೆ ಹೊರಳಿದೆ, ಹೆಸರೂ ಬಂತು. ಮೂವತ್ತು ವರ್ಷವಾದರೂ ಆ ನಗು ಕಿವಿಯಿಂದ ಹೋಗಿರಲಿಲ್ಲ.

ಪಿಳ್ಳಪ್ಪ ಎಳನೀರು ಕೆತ್ತಿ ಕೊಟ್ಟರು. "ಕುಡೀರಿ ಮೇಡಮ್, ಇದು ಅಸಲಿ. ಆವಾಗ ಲ್ಯಾಬಿಗೆ ತರ್ತಿದ್ನಲ್ಲ, ಅಂಥದ್ದಲ್ಲ."

"ಅಂದ್ರೆ?"

"ನಿಮ್ಮ ಮಗಳು ಚಿನ್ಮಯಿ ಪಾಪುನ ಸ್ಕೂಲಿಗೆ ಬಿಟ್ಟು ನೀವು ಬರೋಷ್ಟರಲ್ಲಿ ನೀರು ರೆಡಿ ಇರ್ಬೇಕಿತ್ತು. ಅಷ್ಟೊತ್ತಿಗೆ ಎಳನೀರವ್ನು ಎಲ್ಲಿ ಬರ್ತಾನೆ? ಹಲಸೂರು ದೇವಸ್ಥಾನದಲ್ಲಿ ಆರಕ್ಕೇ ಕಾಯಿ ಒಡೀತಾರೆ. ಕ್ಯಾನ್ ಹಿಡ್ಕೊಂಡು ನಿಂತ್ಬಿಡ್ತಿದ್ದೆ. ದೇವ್ರ ಕಾಯಿ ನೀರು, ಇನ್ನೂ ಒಳ್ಳೇದೇ ಅಲ್ವಾ?"

"ಬಲಿತ ಕಾಯಿ ನೀರಾ, ಪಿಳ್ಳಪ್ಪಾ!"

"ಬೈಬೇಡಿ ಮೇಡಮ್. ರಿಟೈರ್ ಆಗಿದೀನಿ, ಈಗ ಮೆಮೋ ಕೊಡಕ್ಕಾಗಲ್ಲ."

ಹಾಗಾದರೆ ನಾನು ಸುಳ್ಳು ಹೇಳಿರಲಿಲ್ಲ, ಸಸಿ ಬೆಳೆದದ್ದು ನಿಜ. ಎಳನೀರು ಎಂದು ಬರೆದದ್ದು ಮಾತ್ರ ಸುಳ್ಳು. ಇದು ಗೆದ್ದಂತೆಯೋ ಸೋತಂತೆಯೋ ತಿಳಿಯದೆ ಎಳನೀರು ಹಿಡಿದೇ ಕೂತೆ. ಈಗ ಲ್ಯಾಬ್ ನೋಡಿಕೊಳ್ಳುವ ನಚಿಕೇತನಿಗೆ ಫೋನ್ ಮಾಡಿದೆ.

"ಆ ನೀರಲ್ಲಿ ಇಟ್ಟು ನೋಡೋಣ ಮೇಡಮ್. ಆದ್ರೆ ಚಿಗುರೋಕೆ ಆರು ವಾರ ಬೇಕು. ನಾಳೆ ಸ್ಟೇಜ್ ಮೇಲೆ ದಯವಿಟ್ಟು ಏನೂ ಹೇಳ್ಬೇಡಿ" ಎಂದ.

ಹೇಳದೆ ಶಾಲು ಹೊದೆಯುವುದು ಹೇಗೆ? ಹೇಳುವುದಾದರೂ ಏನನ್ನು?

"ಕಾಯಿ ಎಷ್ಟು ಬಲಿತಿರ್ತಿತ್ತು, ಪಿಳ್ಳಪ್ಪ?"

"ಯಾರಿಗೊತ್ತು? ಮದುವೆಯವ್ರದ್ದು, ಹರಕೆಯವ್ರದ್ದು, ಹೊಸ ಆಟೋದವ್ರದ್ದು, ಎಲ್ಲಾ ಒಂದೇ ಕ್ಯಾನಿಗೆ."

ಚೀಲದಿಂದ ಭಾಷಣದ ಹಾಳೆ ತೆಗೆದು 'ಎಳನೀರು' ಎಂಬುದನ್ನು ಹೊಡೆದು ಹಾಕಿದೆ. 'ಕಾಯಿ ನೀರು' ಎಂದು ಬರೆದೆ. ಯಾವ ಕಾಯಿ ಎಂದು ಹೇಳದಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನೂ ಹೊಡೆದೆ. ಕೊನೆಗೆ ನನಗೆ ಖಾತ್ರಿಯಿದ್ದಷ್ಟನ್ನು ಬರೆದೆ: 'ಪಿಳ್ಳಪ್ಪ ತಂದ ನೀರು.'

ಪಿಳ್ಳಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ನನ್ನ ಹೆಸ್ರು ಯಾಕೆ ಮೇಡಮ್? ಪೆನ್ಷನ್‌ಗೆ ಏನೂ ತೊಂದ್ರೆ ಆಗಲ್ವಲ್ಲ?"