ನೆತ್ತಿಗಲ್ಲು

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಮೈದುನ ಮಹೇಶನ ತೋಳನ್ನು ಈಶ್ವರಮ್ಮ ಹಿಡಿದುಕೊಂಡಳು.

"ದಾರೀಲಿ ಒಂದ್ಸಲ ಇಳಿಸ್ತೀರಲ್ಲ, ಅದನ್ನ ಚರ್ಚ್ ಮುಂದೆ ಇಳ್ಸಪ್ಪ. ನಿಮ್ಮಣ್ಣ ಕೇಳ್ಕೊಂಡಿದ್ರು."

ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ತಮಟೆ ನಿಲ್ಲಿಸಿ, ತಲೆಯ ದಿಕ್ಕು ಬದಲಿಸಿ ಮತ್ತೆ ಹೊರುವುದು ಅವರ ಪದ್ಧತಿ. ಇಳಿಸುವುದು ಯಾವಾಗಲೂ ದೊಡ್ಡ ರಸ್ತೆಯಾಚೆಯ ಅರಳಿಕಟ್ಟೆಯ ಬಳಿ. ಬೀದಿ ಕೊನೆಯ ಚರ್ಚಿನ ಮುಂದೆ ಎಂದರೆ ಹಿರಿಯರು ಬಿಟ್ಟಾರೆಯೇ? ಮಹೇಶ ಅವರತ್ತ ನೋಡಿದ. ಅವರಿಗೆ ಎದುರು ಮಾತಾಡಿ ಅವನಿಗೆ ಅಭ್ಯಾಸವಿಲ್ಲ, ಪಾಪ.

"ಆಗ್ಲಿ ಅತ್ತಿಗೆ," ಎಂದ.

*

ಈಶ್ವರಮ್ಮನ ಗಂಡ ಪಿಳ್ಳಣ್ಣ ಗಾರೆ ಕೆಲಸದವನು. ಸಿದ್ದಾಪುರದ ಆ ಹಳೇ ಚರ್ಚಿನ ರಿಪೇರಿಗೆಂದು ಹೋದವನು ಅದಕ್ಕೇ ಅಂಟಿಕೊಂಡ. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಹೆಂಡತಿಯನ್ನೂ ಕರೆದೊಯ್ದ. ಗಾಥಿಕ್ ಶೈಲಿಯಂತೆ, ಅವಳಿಗೆ ಅದೆಲ್ಲ ಎಲ್ಲಿ ಗೊತ್ತು? ಕಂಬಗಳು ಮೇಲೆ ಹೋಗುತ್ತಾ ಹೋಗುತ್ತಾ ಒಂದರತ್ತ ಒಂದು ಬಾಗಿ, ಕೈ ಮುಗಿದಂತೆ ತುದಿಯಲ್ಲಿ ಕೂಡಿದ್ದವು. ಚೂಪು ತಲೆಯ ಉದ್ದುದ್ದ ಕಿಟಕಿಗಳ ಗಾಜಿನಿಂದ ಕೆಂಪು, ನೀಲಿ ಬೆಳಕು ಅವಳ ಸೀರೆಯ ಮೇಲೆ ಬಿತ್ತು. ಕತ್ತು ನೋಯುವವರೆಗೂ ನೋಡಿದಳು.

"ಕಮಾನಿನ ತುದೀಲಿ ಆ ನೆತ್ತಿಗಲ್ಲು ಕಾಣ್ತದಾ? ಹಳೇದು ಬಿರುಕು ಬಿಟ್ಟಿತ್ತು. ಇದನ್ನ ಕೂರ್ಸಿದ್ದು ನಾನು. ಜಾರಿದ್ರೆ ಕಮಾನೆಲ್ಲ ಕೆಳಗೆ."

ಜೀವಮಾನವೆಲ್ಲ ಅವರಿವರ ಮನೆ ಕಟ್ಟಿದವನು ಸ್ವಂತಕ್ಕೊಂದು ಗೋಡೆ ಎಬ್ಬಿಸಲಿಲ್ಲ. ನಂದು ಅಂತ ಇರೋದು ಆ ಕಲ್ಲೊಂದೇ ಎನ್ನುತ್ತಿದ್ದ. ಹಾಸಿಗೆ ಹಿಡಿದ ಮೇಲೂ ಅದೇ ಜಪ: ಕೊನೆಗೊಮ್ಮೆ ಅದರ ಮುಂದೆ ಇಳಿಸಿ, ಸಾಕು. ಇಳಿಸ್ತಾರೆ ಎಂದು ಈಶ್ವರಮ್ಮ ಮಾತು ಕೊಟ್ಟಿದ್ದಳು.

*

ಅವರಲ್ಲಿ ಹೆಂಗಸರು ಸುಡುಗಾಡಿಗೆ ಹೋಗುವಂತಿಲ್ಲ. ಚಟ್ಟ ಬೀದಿಗಿಳಿದ ಮೇಲೆ ಅವಳು ಬಾಗಿಲಲ್ಲೇ ನಿಂತು, ಅಳುತ್ತಿದ್ದವರಿಗೆಲ್ಲ ಸ್ವಲ್ಪ ಸುಮ್ಮನಿರಿ ಎಂದು ಕಿವಿಗೊಟ್ಟಳು. ತಮಟೆ ತರಕಾರಿ ಅಂಗಡಿ ದಾಟಿತು. ಚರ್ಚಿನ ಹತ್ತಿರ ಬಂತು. ಈಗ ನಿಂತೀತು, ಇನ್ನೇನು ಈಗ. ನಿಲ್ಲಲಿಲ್ಲ. ಹಾಗೇ ಮುಂದೆ ಹೋಗಿ ದೊಡ್ಡ ರಸ್ತೆಯ ಬಸ್ಸುಗಳ ಗದ್ದಲದಲ್ಲಿ ಅಡಗಿಹೋಯಿತು. ಸತ್ತವನಿಗೆ ಕೊಟ್ಟ ಮಾತು, ಇನ್ನು ಸರಿಪಡಿಸುವುದಾದರೂ ಹೇಗೆ?

ಮಧ್ಯಾಹ್ನ ಮಹೇಶ ಒದ್ದೆ ಬಟ್ಟೆಯಲ್ಲಿ ಬಂದ. ಅತ್ತು ಅತ್ತು ಕಣ್ಣು ಊದಿತ್ತು. ಈಶ್ವರಮ್ಮ ಚೊಂಬು ಹಿಡಿದು ಹೊಸ್ತಿಲಿಗೆ ಬಂದಳು.

"ಇಳಿಸಿದ್ರಾ?"

"ಇಳಿಸಿದ್ವಿ ಅತ್ತಿಗೆ. ಚರ್ಚ್ ಮುಂದೇನೇ." ಅವನು ತಲೆ ಎತ್ತಲಿಲ್ಲ. "ಫಾದರ್ ಬಂದ್ರು. ಗಂಟೆನೂ ಹೊಡೆಸಿದ್ರು."

ಇಡೀ ಬೀದಿಗೆ ಕೇಳಿಸುವ ಗಂಟೆ ಅದು.

"ಒಳ್ಳೇದಾಯ್ತು ಬಿಡಪ್ಪ," ಎಂದು ಅವನ ಕಾಲಿಗೆ ನೀರು ಹುಯ್ದಳು. ನೀರು ಮುಗಿದ ಮೇಲೂ ಚೊಂಬನ್ನು ಬಗ್ಗಿಸಿಯೇ ಹಿಡಿದಿದ್ದಳು; ಅವನೂ ಕಾಲು ಉಜ್ಜುತ್ತಲೇ ಇದ್ದ.